ಮೂರು ಪೈಸೆಯ ಆರು ಮೂಲೆ

2011ರ ಜೂನ್ 30ರಂದು ನಾಲ್ಕಾಣೆ ಬಿಲ್ಲೆ ಅಧಿಕೃತವಾಗಿ ಚಲಾವಣೆಯಿಂದ ಹೊರಬಿತ್ತು. ಅದರ ಜೊತೆಗೇ 20, 10, 5, 3, 2 ಮತ್ತು 1 ಪೈಸೆಗಳೂ ಹೋದವು. ಹಿಂದಿನ ದಿನದವರೆಗೆ ಬ್ಯಾಂಕಿಗೆ ಒಯ್ದವರಿಗೆ ಮುಖಬೆಲೆ ಸಿಗುತ್ತಿತ್ತು. ಆದರೆ ಹಿಡಿ ಚಿಲ್ಲರೆ ಹಿಡಿದುಕೊಂಡು ಅದಕ್ಕಾಗಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲುವವರು ಯಾರು? ಕಿರಾಣಿ ಅಂಗಡಿಯವರು ಅವನ್ನು ಮುಟ್ಟುವುದನ್ನು ಬಿಟ್ಟು ಆಗಲೇ ಎಷ್ಟೋ ವರ್ಷಗಳಾಗಿದ್ದವು. ಹಾಗಾಗಿ ಆ ಬಿಲ್ಲೆಗಳು ಮನೆಗಳಲ್ಲೇ ಉಳಿದವು. ದೇವರ ಮನೆಯ ತಟ್ಟೆಯಲ್ಲಿ, ಹೊಲಿಗೆ ಯಂತ್ರದ ಖಾನೆಯಲ್ಲಿ, ತೀರಿಕೊಂಡ ಅಜ್ಜಿಯ ಎಲೆಯಡಿಕೆ ಚೀಲದಲ್ಲಿ ಇವತ್ತಿಗೂ ಸಿಗುತ್ತವೆ.

ಸಿಕ್ಕಿದ ಕೂಡಲೇ ಬರುವ ಪ್ರಶ್ನೆ ಒಂದೇ: ಇದಕ್ಕೀಗ ಎಷ್ಟು ಬರುತ್ತದೆ?

ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ನಾಣ್ಯವನ್ನು ಓದದೆ ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಓದುತ್ತ ಹೋದರೆ ಬೆಲೆಗಿಂತ ದೊಡ್ಡ ವಿಷಯಗಳು ಅದರಲ್ಲಿ ಕಾಣಿಸುತ್ತವೆ. ಚಿನ್ನ, ಬೆಳ್ಳಿಯ ನಾಣ್ಯಗಳು ಅರಸರ, ಸಾಹುಕಾರರ ಪೆಟ್ಟಿಗೆಯಲ್ಲಿ ಇದ್ದವು. ಸಂತೆಯಲ್ಲಿ, ಗಿರಣಿಯಲ್ಲಿ, ದೋಣಿ ದಾಟುವ ಕಡವಿನಲ್ಲಿ ಕೈಯಿಂದ ಕೈಗೆ ಓಡಾಡಿದ್ದು ಬಿಡಿಗಾಸು. ದೇಶಕ್ಕೆ ಲೋಹದ ಬರ ಬಂದಾಗ ಮೊದಲು ತೆಳ್ಳಗಾದದ್ದೂ ಅದೇ. ಸಾಮಾನ್ಯ ಜನರ ಚರಿತ್ರೆಗೆ ಇಷ್ಟು ಅಗ್ಗದ, ಇಷ್ಟು ನಂಬಲರ್ಹ ದಾಖಲೆ ಇನ್ನೊಂದು ಸಿಗುವುದು ಕಷ್ಟ.

ಮೂರು ಪೈಸೆಯನ್ನೇ ತೆಗೆದುಕೊಳ್ಳೋಣ. ಆರು ಮೂಲೆಯ ಬಿಲ್ಲೆ, ತೂಕ ಒಂದೂಕಾಲು ಗ್ರಾಂ. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನಿಸುವಷ್ಟು ಹಗುರ. ಒಂದು ಮುಖದಲ್ಲಿ ಅಶೋಕ ಸ್ತಂಭದ ಸಿಂಹಗಳು, ಇನ್ನೊಂದರಲ್ಲಿ ದಪ್ಪನೆಯ 3 ಎಂಬ ಅಂಕಿ, ಕೆಳಗೆ ಇಸವಿ. 1964ರಲ್ಲಿ ಹೊರಬಂದ ಇದು ಸ್ವತಂತ್ರ ಭಾರತದ ಮೊದಲ ಅಲ್ಯೂಮಿನಿಯಂ ನಾಣ್ಯ. ಅದಕ್ಕೆ ಮುಂಚೆ ಒಂದು ಪೈಸೆ ಕಂಚಿನದು, ಆಮೇಲೆ ಹಿತ್ತಾಳೆಯ ಬಣ್ಣದ ಮಿಶ್ರಲೋಹದ್ದು. ಎರಡು, ಐದು, ಹತ್ತು ಪೈಸೆಗಳು ತಾಮ್ರ ಮತ್ತು ನಿಕ್ಕಲ್ ಬೆರೆಸಿದವು. ಅರವತ್ತರ ದಶಕದಲ್ಲಿ ಲೋಹಗಳ ಬೆಲೆ ಏರುತ್ತ ಹೋದಾಗ ಟಂಕಸಾಲೆಗಳು ಅಲ್ಯೂಮಿನಿಯಂ ಕಡೆ ತಿರುಗಿದವು. ಮೂರು ಪೈಸೆ ಬಂದ ಮರುವರ್ಷವೇ ಒಂದು ಮತ್ತು ಎರಡು ಪೈಸೆ ಬೆಳ್ಳಗಾದವು, 1967ರಲ್ಲಿ ಐದು ಪೈಸೆ, 1971ರಲ್ಲಿ ಹತ್ತು ಪೈಸೆ. ಒಂದು ಪೈಸೆಯ ಹೊಸ ಚೌಕ ಬಿಲ್ಲೆ ಮುಕ್ಕಾಲು ಗ್ರಾಮಿಗೆ ಇಳಿಯಿತು. ಒಂದು ತಟ್ಟೆಯಲ್ಲಿ 1957ರ ಐದು ನಯೇ ಪೈಸೆಯನ್ನೂ ಪಕ್ಕದಲ್ಲಿ 1967ರ ಐದು ಪೈಸೆಯನ್ನೂ ಇಟ್ಟು ನೋಡಿದರೆ ಹತ್ತು ವರ್ಷದ ಹಣದುಬ್ಬರ ಕಣ್ಣಿಗೇ ಕಾಣುತ್ತದೆ. ಮೊದಲನೆಯದು ನಾಲ್ಕು ಗ್ರಾಂ, ಎರಡನೆಯದು ಒಂದೂವರೆ. ಮುಖಬೆಲೆ ಎರಡರದ್ದೂ ಒಂದೇ.

ನಯಾ ಪೈಸೆಯ ಕತೆಯೂ ಸಣ್ಣದಲ್ಲ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯ ಲೆಕ್ಕ ಜಾರಿಗೆ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಹಳೆ ಪೈಸೆ ಅಥವಾ 12 ಪೈ. ಅಂದರೆ ರೂಪಾಯಿಗೆ 192 ಪೈ. ಹೊಸ ಲೆಕ್ಕಕ್ಕೆ ಜನ ಹೊಂದಿಕೊಳ್ಳಲಿ ಎಂದು ಆಣೆಗಳೂ ಕೆಲವು ವರ್ಷ ಜೊತೆಯಲ್ಲೇ ಓಡಾಡಿದವು. ಪರಿವರ್ತನೆಯ ಪಟ್ಟಿಯ ಪ್ರಕಾರ ಒಂದಾಣೆಗೆ 6 ನಯಾ ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಒಂದೊಂದೇ ಆಣೆಯಂತೆ ಹದಿನಾರು ಸಲ ಬದಲಿಸಿಕೊಂಡವರಿಗೆ 96 ಪೈಸೆ ಮಾತ್ರ ಸಿಗುತ್ತಿತ್ತು, ನಾಲ್ಕು ಪೈಸೆ ಎಲ್ಲೋ ಸೋರಿಹೋಗುತ್ತಿತ್ತು. ಆ ಕಾಲದ ಬಡವರಿಗೆ ಅದು ಸಣ್ಣ ನಷ್ಟವಲ್ಲ. ಗೊಂದಲ ತಪ್ಪಿಸಲೆಂದೇ ಹೊಸ ನಾಣ್ಯಗಳ ಮೇಲೆ ಇದು ರೂಪಾಯಿಯ ನೂರನೆಯ ಭಾಗ, ಇದು ಇಪ್ಪತ್ತನೆಯ ಭಾಗ ಎಂದು ಹಿಂದಿಯಲ್ಲಿ ಬರೆಯಿಸಲಾಯಿತು. ಆಕಾರಗಳೂ ಬೇರೆ ಬೇರೆ: ಒಂದು ಪೈಸೆ ದುಂಡಗೆ, ಐದು ಪೈಸೆ ಮೂಲೆ ಸವೆದ ಚೌಕ, ಎರಡಕ್ಕೂ ಹತ್ತಕ್ಕೂ ಅಲೆಯಲೆಯಾದ ಅಂಚು. ಅಕ್ಷರ ಬಾರದವರ ಕೈಗೂ ಕಣ್ಣು ಕಾಣದವರ ಬೆರಳಿಗೂ ಗುರುತು ಸಿಗುತ್ತಿತ್ತು. 1964ರ ಜೂನ್ 1ರಿಂದ ‘ನಯಾ’ ಬಿಟ್ಟುಹೋಗಿ ಬರೀ ಪೈಸೆ ಉಳಿಯಿತು. ಆದರೆ ನಾಲ್ಕಾಣೆ, ಎಂಟಾಣೆ ಎಂಬ ಮಾತು ಅಷ್ಟು ಸುಲಭಕ್ಕೆ ಹೋಗಲಿಲ್ಲ. ಆಣೆ ಸತ್ತು ಅರ್ಧ ಶತಮಾನ ಕಳೆದ ಮೇಲೂ ನಮ್ಮ ಅಂಗಡಿಗಳಲ್ಲಿ ಇಪ್ಪತ್ತೈದು ಪೈಸೆ ನಾಲ್ಕಾಣೆಯಾಗಿಯೇ ಬದುಕಿತು.

ಲೋಹದ ಬರ ಎಂದಾಗ ತೂತು ಕಾಸಿನ ನೆನಪು ಬಾರದೆ ಇರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಬ್ರಿಟಿಷ್ ಸರಕಾರ ತಾಮ್ರ ಉಳಿಸಲು ಕಾಸಿನ ನಡುಭಾಗವನ್ನೇ ತೆಗೆದುಹಾಕಿತು. ಕಂಚಿನ ಬಳೆಯಂಥ ಈ ಕಾಸು 1947ರವರೆಗೆ ಅಚ್ಚಾಯಿತು. ಅರಸನ ತಲೆಗೆ ಇದರಲ್ಲಿ ಜಾಗವೇ ಉಳಿಯಲಿಲ್ಲ, ಕಿರೀಟವೊಂದು ಮಾತ್ರ ಮೇಲ್ಭಾಗದಲ್ಲಿ ಕುಳಿತುಕೊಂಡಿತು. ಬೇಡಿಕೆ ಎಷ್ಟಿತ್ತೆಂದರೆ ಮುಂಬಯಿ ಮತ್ತು ಕಲ್ಕತ್ತಾದ ಟಂಕಸಾಲೆಗಳ ಜೊತೆಗೆ ಲಾಹೋರಿನಲ್ಲೂ ಹೊಸದೊಂದು ಟಂಕಸಾಲೆ ತೆರೆಯಬೇಕಾಯಿತು. ಲಾಹೋರಿನ ನಾಣ್ಯಗಳಲ್ಲಿ ‘ಎಲ್’ ಎಂಬ ಇಂಗ್ಲಿಷ್ ಅಕ್ಷರದ ಗುರುತು ಇರುತ್ತದೆ. ಜನ ಈ ಕಾಸನ್ನು ದಾರಕ್ಕೆ ಪೋಣಿಸಿ ಮಕ್ಕಳ ಸೊಂಟಕ್ಕೆ ಕಟ್ಟಿದರು, ನಟ್ಟು ಬೋಲ್ಟಿಗೆ ವಾಷರ್ ಆಗಿಯೂ ಬಳಸಿದರು. ಎಂಟು ದಶಕ ದಾಟಿದೆ, ನೋಡಲು ವಿಚಿತ್ರವಾಗಿದೆ, ಹಿಂದೊಂದು ಯುದ್ಧದ ಕತೆಯಿದೆ. ಆದರೂ ಸವೆದ ತೂತು ಕಾಸಿಗೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಇಲ್ಲ. ಅಚ್ಚು ಹಾಕಿದ್ದು ಕೋಟಿಗಟ್ಟಲೆ, ಉಳಿದುಕೊಂಡದ್ದೂ ರಾಶಿ ರಾಶಿ.

ಇಲ್ಲಿಂದಲೇ ಬೆಲೆಯ ಮಾತು ಶುರುವಾಗಬೇಕು. ಹಳತಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ನಿಜವಲ್ಲ ಎನ್ನಲು ಒಂದು ಹಡಗಿನ ಕತೆ ಸಾಕು. 1809ರ ಜನವರಿಯಲ್ಲಿ ‘ಅಡ್ಮಿರಲ್ ಗಾರ್ಡ್‌ನರ್’ ಎಂಬ ಈಸ್ಟ್ ಇಂಡಿಯಾ ಕಂಪನಿಯ ಹಡಗು ಇಂಗ್ಲೆಂಡಿನ ಕೆಂಟ್ ಕರಾವಳಿಯ ಗುಡ್‌ವಿನ್ ಮರಳದಿಬ್ಬದಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರೊಳಗೆ ಮದ್ರಾಸ್ ಪ್ರಾಂತದಲ್ಲಿ ಚಲಾವಣೆಗೆ ಬರಬೇಕಿದ್ದ 10 ಮತ್ತು 20 ಕಾಸಿನ ತಾಮ್ರದ ನಾಣ್ಯಗಳಿದ್ದವು, ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಹಬೆಯಂತ್ರದಿಂದ ಅಚ್ಚಾದವು. ದಕ್ಷಿಣ ಭಾರತದ ಸಂತೆ ಕಾಣಬೇಕಿದ್ದ ಕಾಸುಗಳು ಸಮುದ್ರದ ತಳದಲ್ಲಿ ಒಂದೂಮುಕ್ಕಾಲು ಶತಮಾನ ಮಲಗಿದವು. 1980ರ ದಶಕದಲ್ಲಿ ಮುಳುಗುಗಾರರು ಅವನ್ನು ಮೇಲೆತ್ತಿದಾಗ ಸಿಕ್ಕಿದ್ದು ಲಕ್ಷಗಟ್ಟಲೆ. ಪರಿಣಾಮ ಏನು? 1808ರ ಇಸವಿ ಇರುವ ಆ ಕಾಸು ಇಂದಿಗೂ ಸಾಧಾರಣ ಸಂಗ್ರಾಹಕರ ಕೈಗೆಟಕುವ ದರದಲ್ಲೇ ಸಿಗುತ್ತದೆ. ಎರಡು ಶತಮಾನದ ವಯಸ್ಸೂ ಹಡಗು ಮುಳುಗಿದ ರೋಚಕ ಕತೆಯೂ ಸೇರಿ ಅದನ್ನು ದುಬಾರಿ ಮಾಡಲಾಗಲಿಲ್ಲ.

ಹಾಗಾದರೆ ಬೆಲೆ ನಿಂತಿರುವುದು ಯಾವುದರ ಮೇಲೆ? ಎಷ್ಟು ಅಚ್ಚಾಯಿತು ಅನ್ನುವುದು ಅರ್ಧ ಉತ್ತರ. ಎಷ್ಟು ಉಳಿಯಿತು, ಯಾವ ಸ್ಥಿತಿಯಲ್ಲಿ ಉಳಿಯಿತು, ಅದನ್ನು ಹುಡುಕುವವರು ಎಷ್ಟು ಮಂದಿ ಅನ್ನುವುದು ಉಳಿದರ್ಧ. 1919ರಲ್ಲಿ, ಮೊದಲ ಮಹಾಯುದ್ಧದ ಬೆಳ್ಳಿಯ ಅಭಾವದಿಂದಾಗಿ, ತಾಮ್ರ-ನಿಕ್ಕಲಿನ ಎಂಟಾಣೆ ಬಂತು. ಖೋಟಾ ನಾಣ್ಯಗಳ ಹಾವಳಿಯಿಂದ ಅದನ್ನು ಬೇಗನೆ ನಿಲ್ಲಿಸಬೇಕಾಯಿತು. ಹಾಗೆ ಅಲ್ಪಾಯುಷಿಯಾದ ನಾಣ್ಯವನ್ನು ಸಂಗ್ರಾಹಕರು ಹುಡುಕುತ್ತಾರೆ. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಮೊದಲ ನಾಣ್ಯಗಳು ಹೊರಬಂದಾಗ ಅವನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಸಿಟ್ಟಾದರು. ಸರಕಾರ ಹಿಂತೆಗೆದುಕೊಂಡು ಬಹುಪಾಲು ರೂಪಾಯಿಗಳನ್ನು ಕರಗಿಸಿತು, ಮರುವರ್ಷ ಆನೆಯನ್ನು ತಿದ್ದಿ ಬರೆಯಿಸಿತು. ಒಂದು ಸೊಂಡಿಲಿನ ಉದ್ದ ಇಸವಿಯ ಬೆಲೆಯನ್ನೇ ಬದಲಿಸಿಬಿಟ್ಟ ಉದಾಹರಣೆ ಇದು. 1950ರ ಆಗಸ್ಟ್ 15ರಂದು ಅರಸನ ತಲೆ ಹೋಗಿ ಸಿಂಹಗಳು ಬಂದ ಹೊಸ ಸಾಲಿನಲ್ಲಿ ಕುದುರೆ ಚಿತ್ರದ ಕಾಸೊಂದಿದೆ. ಮೊದಮೊದಲು ಅದು ದಪ್ಪ ಬಿಲ್ಲೆಯ ಮೇಲೆ ಅಚ್ಚಾಯಿತು, ಆಮೇಲೆ ತೆಳುವಾಯಿತು. ಕಸುಬು ಬಲ್ಲವರು ಕುದುರೆ ಕಾಸು ಕಂಡರೆ ಮೊದಲು ಅಂಚಿನ ದಪ್ಪ ನೋಡುವುದು ಇದಕ್ಕೇ.

ಇಸವಿ ಒಂದೇ ಆದರೂ ಟಂಕಸಾಲೆ ಬೇರೆಯಾದರೆ ನಾಣ್ಯ ಬೇರೆಯೆಂದೇ ಲೆಕ್ಕ. ಇದನ್ನು ತಿಳಿಯಲು ಸಾಧಾರಣ ಭೂತಕನ್ನಡಿ ಸಾಕು. ಇಸವಿಯ ಕೆಳಗೆ ನೋಡಬೇಕು. ಏನೂ ಗುರುತಿಲ್ಲದಿದ್ದರೆ ಕೋಲ್ಕತಾ. ಸಣ್ಣ ವಜ್ರದಾಕಾರ ಇದ್ದರೆ ಮುಂಬಯಿ. ಐದು ಮೂಲೆಯ ನಕ್ಷತ್ರ ಇದ್ದರೆ ಹೈದರಾಬಾದ್, ಅಲ್ಲಿಯ ಹಳೆಯ ನಾಣ್ಯಗಳಲ್ಲಿ ನಡುವೆ ಸೀಳಿದ ವಜ್ರವೂ ಕಾಣುತ್ತದೆ. ದುಂಡನೆಯ ಚುಕ್ಕೆ ಇದ್ದರೆ 1988ರಲ್ಲಿ ಕೆಲಸ ಶುರುಮಾಡಿದ ನೋಯ್ಡಾ. ಎಂಬತ್ತರ ದಶಕದಲ್ಲಿ ಚಿಲ್ಲರೆಯ ಬರ ಎಷ್ಟು ಬಿಗಡಾಯಿಸಿತೆಂದರೆ ಬ್ರಿಟನ್, ಕೆನಡಾ, ದಕ್ಷಿಣ ಕೊರಿಯಾಗಳ ಟಂಕಸಾಲೆಗಳಲ್ಲೂ ಭಾರತದ ನಾಣ್ಯ ಅಚ್ಚಾಯಿತು. ಅವುಗಳ ಗುರುತುಗಳೂ ಬೇರೆ ಇವೆ. ಒಂದೇ ಡಬ್ಬಿಯ ಚಿಲ್ಲರೆಯನ್ನು ಇಸವಿ, ಟಂಕಸಾಲೆ ಎಂದು ವಿಂಗಡಿಸತೊಡಗಿದರೆ ಒಂದು ಭಾನುವಾರ ಹೋದದ್ದೇ ತಿಳಿಯುವುದಿಲ್ಲ. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡರಂತೂ ಭೂಗೋಳ, ಚರಿತ್ರೆ, ಗಣಿತ ಮೂರೂ ಪಾಠ ಒಂದೇ ಚಾಪೆಯ ಮೇಲೆ ಆಗುತ್ತವೆ.

ವಿಷಯ ಹಿಡಿದು ಕೂಡಿಸುವವರೂ ಇದ್ದಾರೆ, ಸಣ್ಣ ನಾಣ್ಯಗಳಲ್ಲಿ ಅದಕ್ಕೆ ಒಳ್ಳೆಯ ಅವಕಾಶವಿದೆ. ಎಪ್ಪತ್ತರ ದಶಕದಿಂದೀಚೆಗೆ ಐದು ಮತ್ತು ಹತ್ತು ಪೈಸೆಗಳ ಮೇಲೆ ಸರಕಾರ ತನ್ನ ಸಂದೇಶಗಳನ್ನೇ ಅಚ್ಚು ಹಾಕಿಸಿತು. 1974ರಲ್ಲಿ ಮಿತ ಸಂಸಾರ ಮತ್ತು ಎಲ್ಲರಿಗೂ ಆಹಾರ, 1976ರಲ್ಲಿ ಅನ್ನ ಮತ್ತು ದುಡಿಮೆ, 1977ರಲ್ಲಿ ಅಭಿವೃದ್ಧಿಗಾಗಿ ಉಳಿತಾಯ, 1979ರಲ್ಲಿ ಅಂತರರಾಷ್ಟ್ರೀಯ ಮಕ್ಕಳ ವರ್ಷ, 1980ರಲ್ಲಿ ಗ್ರಾಮೀಣ ಮಹಿಳೆಯರ ಏಳಿಗೆ, 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ. ರೇಡಿಯೊ ಇಲ್ಲದ ಮನೆಗೂ ಹತ್ತು ಪೈಸೆ ತಲುಪುತ್ತಿತ್ತು. 1968ರಲ್ಲಿ ಬಂದ, ಕಮಲದ ಚಿತ್ರವಿರುವ ಹಳದಿ ಲೋಹದ ಇಪ್ಪತ್ತು ಪೈಸೆ ಚಲಾವಣೆಯಲ್ಲಿ ಅಷ್ಟಾಗಿ ಜನಪ್ರಿಯವಾಗಲಿಲ್ಲ. ಆದರೆ ಕೆಲವು ಮನೆಗಳಲ್ಲಿ ಲಕ್ಷ್ಮೀಪೂಜೆಯ ತಟ್ಟೆ ಸೇರಿ ಗೌರವದಿಂದ ಉಳಿದುಕೊಂಡಿತು. ಮರುವರ್ಷ ಗಾಂಧೀಜಿಯ ಜನ್ಮಶತಾಬ್ದಿಗೆ ಅದೇ ಇಪ್ಪತ್ತು ಪೈಸೆಯ ಮೇಲೆ ಅವರ ಮುಖ ಬಂತು.

ಕರ್ನಾಟಕದ ಕಾಸುಗಳನ್ನು ಕೂಡಿಸುವುದಕ್ಕೆ ಇನ್ನೂ ಸ್ವಲ್ಪ ತಾಳ್ಮೆ ಬೇಕು, ಫಲವೂ ಹೆಚ್ಚು. ಟಿಪ್ಪು ಸುಲ್ತಾನನ ತಾಮ್ರದ ಕಾಸಿನಲ್ಲಿ ಆನೆ ನಡೆಯುತ್ತಿರುತ್ತದೆ. ಕಾಸುಗಳಿಗೆ ಅವನು ಆಕಾಶದ ಹೆಸರುಗಳನ್ನಿಟ್ಟ. ಸುಮಾರು 11 ಗ್ರಾಮಿನ ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅದರ ಅರ್ಧಕ್ಕೆ ಬಹ್ರಾಮ್ ಅಂದರೆ ಮಂಗಳ, ತೀರ ಸಣ್ಣದಕ್ಕೆ ಕುತುಬ್ ಅಂದರೆ ಧ್ರುವ ನಕ್ಷತ್ರ. ಹಿಜರಿ ಲೆಕ್ಕ ಬಿಟ್ಟು ತಾನೇ ಜಾರಿಗೆ ತಂದ ಮೌಲೂದಿ ಶಕೆಯಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು ನಾಣ್ಯದ ಮೇಲೆ 5121 ಎಂದು ಕಾಣುತ್ತದೆ. ಇದು ಗೊತ್ತಿಲ್ಲದೆ ತಲೆ ಕೆಡಿಸಿಕೊಂಡವರು ಬಹಳ ಮಂದಿ. ಪಟ್ಟಣ ಅಂದರೆ ಶ್ರೀರಂಗಪಟ್ಟಣ, ನಗರ, ಬೆಂಗಳೂರು, ಫರ್ರುಖ್‌ಯಾಬ್ ಹಿಸಾರ್ ಎಂದು ಹೆಸರು ಬದಲಿಸಿದ ಚಿತ್ರದುರ್ಗ ಹೀಗೆ ಹಲವು ಟಂಕಸಾಲೆಗಳಿದ್ದವು. ಎಲ್ಲ ಕಡೆಯ ಆನೆಯೂ ಒಂದೇ ಥರ ಇಲ್ಲ: ಕೆಲವು ಬಲಕ್ಕೆ ನಡೆಯುತ್ತವೆ, ಕೆಲವು ಎಡಕ್ಕೆ, ಕೆಲವು ಸೊಂಡಿಲೆತ್ತಿರುತ್ತವೆ. ಜೆ. ಆರ್. ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಪ್ರಕಟಿಸಿದ ಪುಸ್ತಕವನ್ನು ಸಂಗ್ರಾಹಕರು ಇಂದಿಗೂ ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಾರೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸನ್ನು ಕೈಯಲ್ಲಿ ಹಿಡಿದು ನೋಡಬೇಕು. ಅಲ್ಲೂ ಆನೆಯೇ, ಅದರ ಬೆನ್ನ ಮೇಲೆ ಸೂರ್ಯ ಚಂದ್ರರ ನಡುವೆ ಶ್ರೀಕಾರ. ಬಿಲ್ಲೆ ಪೂರ್ತಿ ದುಂಡಗಿಲ್ಲ, ಅಚ್ಚು ಬಿಲ್ಲೆಗಿಂತ ದೊಡ್ಡದಾದ್ದರಿಂದ ಅಂಚಿನ ಅಕ್ಷರಗಳು ಅರ್ಧಕ್ಕೇ ಕತ್ತರಿಸಿ ಹೋಗಿರುತ್ತವೆ. ತಿರುಗಿಸಿದರೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂಬ ಬರಹ, ಜೊತೆಗೆ ಇಂಗ್ಲಿಷಿನಲ್ಲಿ ಕಾಸಿನ ಲೆಕ್ಕ, ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ತಾಮ್ರದ ತುಂಡಿನಲ್ಲಿ ಅಂದಿನ ಮೈಸೂರಿನ ಜನರೂ ಆಳಿದವರೂ ಕಚೇರಿಯವರೂ ಒಟ್ಟಿಗೆ ಕುಳಿತಿದ್ದಾರೆ. 1843ರಲ್ಲಿ ಮೈಸೂರು ಸಂಸ್ಥಾನದ ಟಂಕಸಾಲೆ ಮುಚ್ಚಿತು. ಕನ್ನಡ ಅಕ್ಷರ ಹೊತ್ತ ಕಾಸಿನ ಪರಂಪರೆಯೂ ಅಲ್ಲಿಗೆ ನಿಂತಿತು. ಬೇಸರದ ಸಂಗತಿ ಎಂದರೆ, ಈ ಕಾಸುಗಳನ್ನು ಗುಜರಿ ತಾಮ್ರದ ಲೆಕ್ಕದಲ್ಲಿ ತೂಗಿ ಮಾರಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಕಲಬುರಗಿ, ರಾಯಚೂರು, ಬೀದರ್ ಕಡೆಯ ಹಳೆಯ ಪೆಟ್ಟಿಗೆಗಳಲ್ಲಿ ಸಿಗುವುದು ಬೇರೆಯೇ ಬಗೆ. ಅದು ನಿಜಾಮರ ಹಾಲಿ ಸಿಕ್ಕಾ. ಚಾರ್ಮಿನಾರ್ ಚಿತ್ರದ ಆಣೆಗಳು, ಕಂಚಿನ ಎರಡು ಪೈಗಳು. ಭಾರತ ಸರಕಾರದ 100 ರೂಪಾಯಿಗೆ ಸುಮಾರು 116 ಹಾಲಿ ರೂಪಾಯಿ ಎಂಬ ಲೆಕ್ಕ ಅಲ್ಲಿತ್ತು. 1959ರವರೆಗೂ ಅದು ಬಾಳಿತು. ಅಂದರೆ ಆ ಭಾಗದ ಹಿರಿಯರು ಹಾಲಿ ಸಿಕ್ಕಾ, ಆಣೆ, ನಯಾ ಪೈಸೆ ಮೂರನ್ನೂ ಕೆಲಕಾಲ ಒಂದೇ ಕಿಸೆಯಲ್ಲಿ ಇಟ್ಟುಕೊಂಡು ಓಡಾಡಿದವರು. ಆ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದವರು ಇನ್ನೂ ಇದ್ದರೆ, ನಾಣ್ಯದ ಜೊತೆಗೆ ಅವರ ಮಾತನ್ನೂ ಬರೆದಿಟ್ಟುಕೊಳ್ಳಬೇಕು.

ಸಿಕ್ಕಿದ ನಾಣ್ಯಕ್ಕೆ ಮಾಡುವ ಮೊದಲ ಅನ್ಯಾಯ ಅದನ್ನು ತೊಳೆಯುವುದು. ಹುಣಸೆಹಣ್ಣು, ನಿಂಬೆಹುಳಿ, ಪಾತ್ರೆ ಉಜ್ಜುವ ಪುಡಿ ಯಾವುದೂ ಕೂಡದು. ತಾಮ್ರದ ಮೇಲೆ ಕಾಲ ಕೂರಿಸಿದ ಕಂದು ಪದರ ನಾಣ್ಯವನ್ನು ಕಾಯುತ್ತದೆ. ಅದನ್ನು ಕಿತ್ತು ಥಳಥಳ ಹೊಳೆಸಿದ ಕಾಸಿಗೆ ಬಲ್ಲವರು ಅರ್ಧ ಬೆಲೆಯನ್ನೂ ಕೊಡುವುದಿಲ್ಲ. ಮಣ್ಣು ಮೆತ್ತಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ ಒರೆಸದೆ ಒಣಗಿಸಿದರೆ ಸಾಕು. ಅಲ್ಯೂಮಿನಿಯಂ ಪೈಸೆಗಳಿಗೆ ತೇವವೇ ಶತ್ರು. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಅವುಗಳ ಮೇಲೆ ಬಿಳಿ ಹುಡಿ ಏಳುತ್ತದೆ. ಅಗ್ಗದ ಪ್ಲಾಸ್ಟಿಕ್ ಹಾಳೆಗಳ ಆಲ್ಬಮ್ ಕೂಡ ವರ್ಷಗಳು ಕಳೆದಂತೆ ತಾಮ್ರಕ್ಕೆ ಹಸಿರು ಅಂಟು ಹತ್ತಿಸುತ್ತದೆ. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಬೇಕು, ಮುಖವನ್ನು ಮುಟ್ಟಬಾರದು.

ಎರಡನೆಯ ಅಪಾಯ ವಂಚನೆ. ರಾಮ ಸೀತೆಯರ ಅಥವಾ ಹನುಮಂತನ ಚಿತ್ರ ಇರುವ, 1818ರಂಥ ಇಸವಿ ಹಾಕಿದ, ಈಸ್ಟ್ ಇಂಡಿಯಾ ಕಂಪನಿಯ ಹೆಸರಿನ ಆಣೆಗಳು ಊರೂರಲ್ಲಿ ತಿರುಗುತ್ತಿವೆ. ಕಂಪನಿ ಅಂಥ ಆಣೆ ಅಚ್ಚು ಹಾಕಿಸಲೇ ಇಲ್ಲ. ಅವು ಪೂಜೆಗೋ ವ್ಯಾಪಾರಕ್ಕೋ ಆಮೇಲೆ ಮಾಡಿದ ಬಿಲ್ಲೆಗಳು. ಇಂಥವನ್ನೇ ಅಕ್ಕಿಕಾಳು ಸೆಳೆಯುವ ಶಕ್ತಿಯುಳ್ಳ ನಾಣ್ಯ ಎಂದು ನಂಬಿಸಿ ಲಕ್ಷಗಟ್ಟಲೆ ದೋಚುವ ತಂಡಗಳನ್ನು ಪೊಲೀಸರು ಮತ್ತೆ ಮತ್ತೆ ಹಿಡಿದಿದ್ದಾರೆ. ಹೊಸ ಕಾಲದ ಮೋಸ ಮೊಬೈಲಿನಲ್ಲಿ ಬರುತ್ತದೆ. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಹತ್ತು ಲಕ್ಷ, ಹಳೆಯ ಪೈಸೆಗೆ ಒಂದು ಲಕ್ಷ, ಮೊದಲು ನೋಂದಣಿ ಶುಲ್ಕ ಕಟ್ಟಿ, ಆಮೇಲೆ ತೆರಿಗೆ ಕಟ್ಟಿ! ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸಿಕೊಂಡಾಗ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿ, ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಎಚ್ಚರಿಸಿತು. ನಿಜವಾಗಿ ಕೊಳ್ಳುವವರು ಮಾರುವವರಿಂದ ಮುಂಗಡ ಕೇಳುವುದೇ ಇಲ್ಲ, ಈ ಒಂದು ಮಾತು ನೆನಪಿದ್ದರೆ ಎಷ್ಟೋ ಮನೆಗಳ ಉಳಿತಾಯ ಉಳಿಯುತ್ತದೆ. ಬೆಲೆ ತಿಳಿಯಬೇಕಾದರೆ ನಾಣ್ಯ ಪ್ರದರ್ಶನಗಳಿಗೆ ಹೋಗಿ ಮೂರ್ನಾಲ್ಕು ಮಳಿಗೆಗಳಲ್ಲಿ ವಿಚಾರಿಸುವುದು, ಹರಾಜಿನಲ್ಲಿ ಮಾರಾಟವಾದ ದರ ನೋಡುವುದು ಸರಿಯಾದ ದಾರಿ. ಜಾಹೀರಾತಿನಲ್ಲಿ ಕೇಳಿದ ದರ ಬೇರೆ, ಕೈಗೆ ಬಂದ ದರ ಬೇರೆ.

ಕಾನೂನಿನ ಮಾತೂ ತಿಳಿದಿರಬೇಕು. ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಧಿ, ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಗಡಿಗೆಯನ್ನು ಗುಟ್ಟಾಗಿ ಹಂಚಿಕೊಂಡಾಗ ಹೋಗುವುದು ಹಣ ಮಾತ್ರವಲ್ಲ. ಯಾವ ನಾಣ್ಯ ಯಾವುದರ ಜೊತೆಗಿತ್ತು ಎಂಬ ಮಾಹಿತಿ ಒಮ್ಮೆ ಚದುರಿದರೆ ಯಾವ ವಿದ್ವಾಂಸನೂ ಅದನ್ನು ಮರಳಿ ಕೂಡಿಸಲಾರ. ಎ. ವಿ. ನರಸಿಂಹಮೂರ್ತಿಯವರಂಥವರು ಕರ್ನಾಟಕದ ನಾಣ್ಯಗಳ ಚರಿತ್ರೆ ಕಟ್ಟಿದ್ದು ಇಂಥ ಮಾಹಿತಿಯ ಆಧಾರದಿಂದಲೇ. ಒಳ್ಳೆಯ ಸಂಗ್ರಹ ಹೇಗಿರಬೇಕೆಂದು ನೋಡಲು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿ ತೆರೆದ ನಾಣ್ಯ ಸಂಗ್ರಹಾಲಯವಿದೆ. ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಸಂಗ್ರಹಾಲಯವಿದೆ.

ಹೊಸದಾಗಿ ಆರಂಭಿಸುವವರು ಎಂಟಾಣೆಯಿಂದ ಶುರುಮಾಡಬಹುದು. ಅಂಗಡಿಯವರು ಬೇಡವೆಂದರೂ 50 ಪೈಸೆ ಕಾನೂನಿನ ಪ್ರಕಾರ ಇನ್ನೂ ಹಣವೇ, ಹತ್ತು ರೂಪಾಯಿ ಮೊತ್ತದವರೆಗೆ ಅದರಲ್ಲಿ ಪಾವತಿ ಮಾಡಬಹುದು. 1982ರ ರಾಷ್ಟ್ರೀಯ ಭಾವೈಕ್ಯದ ಎಂಟಾಣೆ, 1985ರ ಇಂದಿರಾ ಗಾಂಧಿ, 1988ರಿಂದ ಬಂದ ಭಾರತದ ನಕಾಶೆಯ ಉಕ್ಕಿನ ಬಿಲ್ಲೆ, 1997ರಲ್ಲಿ ಸ್ವಾತಂತ್ರ್ಯದ ಚಿನ್ನದ ಹಬ್ಬಕ್ಕೆ ಬಂದ ದಂಡಿ ಯಾತ್ರೆಯ ಚಿತ್ರ, ಆಮೇಲೆ ಭರತನಾಟ್ಯದ ಮುದ್ರೆಗಳ ಸಾಲಿನಲ್ಲಿ ಬಂದ ಬಿಗಿಹಿಡಿದ ಮುಷ್ಟಿ, ಹೀಗೆ ಸಾಲು ಉದ್ದವಿದೆ. ಕೆಲವಕ್ಕೆ ಹಲವು ಇಸವಿ, ಹಲವು ಟಂಕಸಾಲೆ. ಚೆನ್ನಾಗಿರುವವನ್ನು ಈಗಲೇ ಆರಿಸಿ ಒಣಗಿದ ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಪೆನ್ಸಿಲಿನಲ್ಲಿ ಇಸವಿ, ಟಂಕಸಾಲೆ, ಎಲ್ಲಿ ಯಾರಿಂದ ಸಿಕ್ಕಿತು ಎಂಬುದನ್ನು ಬರೆದಿಡಬೇಕು. ಕೊನೆಯ ಆ ಒಂದು ಸಾಲನ್ನು ಬಹಳ ಮಂದಿ ಬರೆಯುವುದಿಲ್ಲ. ಇಸವಿ, ಟಂಕಸಾಲೆ ನಾಣ್ಯದ ಮೇಲೇ ಇರುತ್ತವೆ, ಅದು ನಡೆದು ಬಂದ ದಾರಿ ಮಾತ್ರ ಇರುವುದಿಲ್ಲ.